ಹಳೆಯ ಆಕ್ಸೆಸ್ ಡೇಟಾಬೇಸ್ ಬಿಸಾಡಬೇಡಿ: ಐದಾರು ಕಂಪ್ಯೂಟರಿನ ಆಫೀಸಿಗೆ ಕಡಿಮೆ ಖರ್ಚಿನ ಅಪ್‌ಗ್ರೇಡ್

ಪತ್ತಿನ ಸಹಕಾರ ಸಂಘ, ಲ್ಯಾಬ್, ಆಡಿಟರ್ ಆಫೀಸು, ಶಾಲೆಯ ಫೀಸ್ ಕೌಂಟರ್, ಸ್ಪೇರ್ ಪಾರ್ಟ್ಸ್ ಅಂಗಡಿ. ಇಂಥ ಎಷ್ಟೋ ಕಡೆ ಇವತ್ತಿಗೂ ದಿನದ ಕೆಲಸ ನಡೆಯುವುದು ಒಂದು ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನ ಮೇಲೆ. ಊರಿನ ಯಾರೋ ಹುಡುಗ ಹತ್ತು ಹದಿನೈದು ವರ್ಷದ ಹಿಂದೆ ಬರೆದುಕೊಟ್ಟಿರುತ್ತಾನೆ. ಅವನೀಗ ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾನೆ. ಫೈಲು ಮಾತ್ರ ಷೇರ್ ಫೋಲ್ಡರಿನಲ್ಲಿ ಕೂತು ರಸೀದಿ ಕೊಡುತ್ತಲೇ ಇರುತ್ತದೆ.

ತೊಂದರೆ ಶುರುವಾಗುವುದು ಹೊಸ ಕಂಪ್ಯೂಟರ್ ಬಂದಾಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು 2019ಕ್ಕೂ ಅದೇ ದಿನ ಕೊನೆ. ಹಳೆಯ ಯಂತ್ರ ಬದಲಿಸಿದ ಆಫೀಸಿನಲ್ಲಿ ಒಂದು ಕಂಪ್ಯೂಟರಿನಲ್ಲಿ ಷೇರ್ ಫೋಲ್ಡರ್ ಕಾಣುವುದಿಲ್ಲ, ಇನ್ನೊಂದರಲ್ಲಿ ಫೈಲು ತೆರೆಯುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಒಬ್ಬರು ಬಂದು ಹೊಸ ಸಾಫ್ಟ್‌ವೇರಿಗೆ ಲಕ್ಷಗಟ್ಟಲೆ ಕೊಟೇಶನ್ ಕೊಡುತ್ತಾರೆ.

ಸಹಿ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಕೆಳಗಿನ ಕೆಲಸಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿ. ತೊಂದರೆ ಎಲ್ಲಿ ನಿಂತಿತೋ ಅಲ್ಲಿಗೆ ನೀವೂ ನಿಲ್ಲಿ. ನನ್ನ ಅಂದಾಜಿನಲ್ಲಿ ಜಾಸ್ತಿ ಆಫೀಸುಗಳಿಗೆ ಅರ್ಧ ದಾರಿಯೇ ಸಾಕು. ಪೂರ್ತಿ ದಾರಿ ಹೋದರೂ ಸಾಫ್ಟ್‌ವೇರಿಗೆ ಕೊಡುವ ಹಣ ಸ್ವಲ್ಪವೇ. ಉಳಿದ ದುಡ್ಡು ಹೋಗಬೇಕಾದ್ದು ಯುಪಿಎಸ್, ತಂತಿ ಮತ್ತು ಬ್ಯಾಕಪ್ ಡಿಸ್ಕಿಗೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಏನನ್ನೂ ಮುಟ್ಟುವ ಮೊದಲು ಇರುವುದನ್ನು ಬರೆದಿಟ್ಟುಕೊಳ್ಳಿ. ಫೈಲು ಯಾವ ಕಂಪ್ಯೂಟರಿನಲ್ಲಿದೆ? ಎಷ್ಟು ದೊಡ್ಡದು? ಹೆಸರಿನ ಕೊನೆಯಲ್ಲಿ ಎಂಡಿಬಿ ಇದೆಯೋ, ಎಸಿಸಿಡಿಬಿ ಇದೆಯೋ? ಎಂಡಿಬಿ ಅಂದರೆ ಆಕ್ಸೆಸ್ 2003 ಅಥವಾ ಅದಕ್ಕೂ ಹಳೆಯದು. ಎಸಿಸಿಡಿಬಿ 2007ರಿಂದ ಬಂದದ್ದು. ಎಂಡಿಇ ಅಥವಾ ಎಸಿಸಿಡಿಇ ಇದ್ದರೆ ಒಳಗಿನ ಕೋಡ್ ನಿಮ್ಮ ಕೈಗೆ ಸಿಗುವುದಿಲ್ಲ. ಆಗ ಮೂಲ ಫೈಲಿಗಾಗಿ ಬರೆದವರನ್ನು ಹುಡುಕುವುದೇ ಮೊದಲ ಕೆಲಸ.

ಒಂದೇ ಹೊತ್ತಿಗೆ ಎಷ್ಟು ಜನ ಎಂಟ್ರಿ ಮಾಡುತ್ತಾರೆ ಅನ್ನುವುದನ್ನೂ ಬರೆಯಿರಿ. ಒಟ್ಟು ಎಂಟು ಜನ ಇರಬಹುದು, ಆದರೆ ನಿಜವಾಗಿ ಬರೆಯುವವರು ಮೂವರೇ ಇರುತ್ತಾರೆ. ಉಳಿದವರು ನೋಡಿ ಪ್ರಿಂಟ್ ತೆಗೆಯುವವರು. ಮುಂದೆ ಸರ್ವರ್ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಈ ಲೆಕ್ಕದ ಮೇಲೆಯೇ.

ಪ್ರತಿ ಕಂಪ್ಯೂಟರಿನಲ್ಲಿ ಇರುವ ಆಫೀಸ್ ಯಾವ ವರ್ಷದ್ದು, 32 ಬಿಟ್ಟೋ 64 ಬಿಟ್ಟೋ ಅಂತಲೂ ನೋಡಿ. ವರ್ಡ್ ತೆರೆದು, ಫೈಲ್ ಮೆನುವಿನ ಅಕೌಂಟ್‌ಗೆ ಹೋಗಿ, ಅಬೌಟ್ ಒತ್ತಿದರೆ ಮೊದಲ ಸಾಲಿನಲ್ಲೇ ಇರುತ್ತದೆ. ಡೇಟಾಬೇಸಿಗೆ ಪಾಸ್‌ವರ್ಡ್ ಇದ್ದರೆ ಅದು ಯಾರ ತಲೆಯಲ್ಲಿದೆ ಅಂತ ಕೇಳಿ, ಹಾಳೆಯಲ್ಲಿ ಬರೆದು, ಬೀರುವಿನಲ್ಲಿಡಿ.

ಸಂಜೆ ಎಲ್ಲರೂ ಹೊರಗೆ ಬಂದ ಮೇಲೆ ಫೋಲ್ಡರ್ ನೋಡಿ. ಡೇಟಾಬೇಸಿನ ಹೆಸರಿನದ್ದೇ ಒಂದು ಪುಟ್ಟ ಫೈಲು, ಎಲ್‌ಡಿಬಿ ಅಥವಾ ಎಲ್‌ಎಸಿಸಿಡಿಬಿ ಅಂತ ಕೊನೆಯಾಗುವುದು, ಇನ್ನೂ ಅಲ್ಲೇ ಇದ್ದರೆ ಯಾರೋ ಎಲ್ಲೋ ತೆರೆದಿಟ್ಟಿದ್ದಾರೆ ಅಂತ ಅರ್ಥ. ಅದು ಹೋದ ಮೇಲೆ ಪೂರ್ತಿ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಆಕ್ಸೆಸ್‌ನಲ್ಲೇ ಇರುವ, ಫೈಲನ್ನು ಸರಿಪಡಿಸಿ ಕುಗ್ಗಿಸುವ ಕಾಂಪ್ಯಾಕ್ಟ್ ಅಂಡ್ ರಿಪೇರ್ ಓಡಿಸಿ. ಎಷ್ಟೋ ವರ್ಷದಿಂದ ಓಡಿಸದ ಫೈಲು ಇದರಿಂದ ಗಣನೀಯವಾಗಿ ಇಳಿಯಬಹುದು. ಆಕ್ಸೆಸ್ ಫೈಲಿನ ಮಿತಿ 2 ಜಿಬಿ. ಅದರ ಹತ್ತಿರ ಹೋಗಿದೆ ಅಂತ ಹೆದರಿದ್ದವರಿಗೆ ಇಲ್ಲೇ ಉಸಿರು ಬರಬಹುದು.

ತಂತಿ ಮತ್ತು ಕರೆಂಟು

ಆಕ್ಸೆಸ್ ಫೈಲು ಕೆಡುವುದಕ್ಕೆ ಸಾಮಾನ್ಯ ಕಾರಣ ಬರೆಯುತ್ತಿರುವಾಗ ಸಂಪರ್ಕ ಕಡಿದು ಹೋಗುವುದು. ಆಕ್ಸೆಸ್ ಕೆಲಸ ಮಾಡುವ ರೀತಿಯೇ ಹಾಗಿದೆ. ಷೇರ್ ಫೋಲ್ಡರಿನಲ್ಲಿ ಇರುವುದು ಬರೀ ಫೈಲು. ಅದನ್ನು ಓದಿ, ಬದಲಿಸಿ, ವಾಪಸ್ ಬರೆಯುವುದು ಪ್ರತಿಯೊಬ್ಬರ ಕಂಪ್ಯೂಟರ್. ಒಂದೇ ಖಾತೆ ಪುಸ್ತಕವನ್ನು ಐದು ಜನ ಸುತ್ತ ಕೂತು ಒಟ್ಟಿಗೆ ಬರೆದ ಹಾಗೆ. ಒಬ್ಬರ ಕೈ ಮಧ್ಯದಲ್ಲಿ ಜಾರಿದರೂ ಪುಟ ಹಾಳು.

ಹಾಗಾಗಿ ಮೂರು ಕೆಲಸ. ವೈಫೈ ಮೇಲೆ ಈ ಫೈಲನ್ನು ಯಾರೂ ತೆರೆಯಬಾರದು. ಮ್ಯಾನೇಜರ್ ಲ್ಯಾಪ್‌ಟಾಪಿಗೂ ತಂತಿ ಬೇಕು. ಎರಡನೆಯದಾಗಿ, ನೂರು ಎಂಬಿಪಿಎಸ್‌ನ ಹಳೆಯ ನೆಟ್‌ವರ್ಕ್ ಸ್ವಿಚ್ ಇದ್ದರೆ ತೆಗೆದು ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿ. ದೊಡ್ಡ ಖರ್ಚಲ್ಲ. ಬಾಗಿಲ ಸಂದಿಯಲ್ಲಿ ನಜ್ಜುಗುಜ್ಜಾದ ಕೇಬಲ್ ಇದ್ದರೆ ಅದನ್ನೂ ಬದಲಿಸಿ.

ಮೂರನೆಯದು ತುಂಬ ಜನ ಗಮನಿಸದ ವಿಷಯ. ಫೈಲು ಇರುವ ಮುಖ್ಯ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಎಂಟ್ರಿ ಮಾಡುವವರ ಕಂಪ್ಯೂಟರಿಗೂ ಇರುತ್ತದೆ. ಮಧ್ಯದ ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ ನೇರವಾಗಿ ನೇತಾಡುತ್ತಿರುತ್ತದೆ. ಕರೆಂಟು ಹೋದ ತಕ್ಷಣ ಎರಡೂ ಕಡೆಯ ಕಂಪ್ಯೂಟರ್ ಬದುಕಿರುತ್ತವೆ, ನಡುವಿನ ದಾರಿ ಸತ್ತಿರುತ್ತದೆ. ಆ ಗಳಿಗೆಯಲ್ಲಿ ಯಾರಾದರೂ ಸೇವ್ ಒತ್ತಿದ್ದರೆ ಮರುದಿನ ಬೆಳಗ್ಗೆ 'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್' ಅಂತ ಸಂದೇಶ ಬಂದರೂ ಆಶ್ಚರ್ಯವಿಲ್ಲ. ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿ. ಅದು ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ.

ಮುಖ್ಯ ಕಂಪ್ಯೂಟರಿನಲ್ಲಿ ಸ್ಲೀಪ್ ಆಫ್ ಮಾಡಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಡೇಟಾ ಫೈಲನ್ನು ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಫೋಲ್ಡರಿನಲ್ಲಿ ಮಾತ್ರ ಎಂದಿಗೂ ಇಡಬೇಡಿ. ಅವು ಇಡೀ ಫೈಲನ್ನು ಅತ್ತಿತ್ತ ಕಾಪಿ ಮಾಡುತ್ತವೆ. ಇಬ್ಬರು ಒಟ್ಟಿಗೆ ಬರೆದರೆ ಒಬ್ಬರ ಎಂಟ್ರಿ ಸುಮ್ನೆ ಮಾಯವಾಗುತ್ತದೆ.

ಫೈಲನ್ನು ಎರಡು ಮಾಡಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಡೇಟಾ ಇರುವ ಟೇಬಲ್, ಎಂಟ್ರಿ ಮಾಡುವ ಫಾರ್ಮ್, ಪ್ರಿಂಟ್ ತೆಗೆಯುವ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿದ್ದು, ಎಲ್ಲರೂ ಅದನ್ನೇ ಷೇರ್ ಫೋಲ್ಡರಿನಿಂದ ತೆರೆಯುತ್ತಿದ್ದರೆ ನಿಧಾನವೂ ಹೌದು, ಅಪಾಯವೂ ಹೌದು.

ಆಕ್ಸೆಸ್‌ನ ಪೂರ್ತಿ ಆವೃತ್ತಿ ಇರುವ ಕಂಪ್ಯೂಟರಿನಲ್ಲಿ ಫೈಲಿನ ಒಂದು ಕಾಪಿ ತೆರೆಯಿರಿ. ಡೇಟಾಬೇಸ್ ಟೂಲ್ಸ್ ಟ್ಯಾಬ್‌ನಲ್ಲಿ ಮೂವ್ ಡೇಟಾ ಗುಂಪು ಇದೆ. ಅಲ್ಲಿ ಆಕ್ಸೆಸ್ ಡೇಟಾಬೇಸ್ ಬಟನ್ ಒತ್ತಿದರೆ ಸ್ಪ್ಲಿಟ್ ಡೇಟಾಬೇಸ್ ಬರುತ್ತದೆ. ಡೇಟಾ ಫೈಲು ಎಲ್ಲಿ ಇಡಬೇಕು ಅಂತ ಕೇಳಿದಾಗ ಝಡ್ ಡ್ರೈವ್, ವೈ ಡ್ರೈವ್ ಅಂತ ಆರಿಸಬೇಡಿ. ಎರಡು ಓರೆಗೆರೆಯಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ವಿಳಾಸವನ್ನೇ ಕೊಡಿ. ಡ್ರೈವ್ ಅಕ್ಷರ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಇರಬಹುದು, ವಿಳಾಸ ಎಲ್ಲರಿಗೂ ಒಂದೇ.

ಈಗ ಎರಡು ಫೈಲು ಆಯಿತು. ಬ್ಯಾಕ್‌ಎಂಡ್‌ನಲ್ಲಿ ಟೇಬಲ್‌ಗಳು ಮಾತ್ರ, ಅದು ಷೇರ್ ಫೋಲ್ಡರಿನಲ್ಲಿ ಇರುತ್ತದೆ. ಫ್ರಂಟ್‌ಎಂಡ್‌ನಲ್ಲಿ ಫಾರ್ಮು, ರಿಪೋರ್ಟು, ಕೋಡು. ಇದನ್ನು ಪ್ರತಿಯೊಬ್ಬರ ಸಿ ಡ್ರೈವಿನಲ್ಲಿ ಒಂದೊಂದು ಕಾಪಿ ಇಡಬೇಕು. ಫ್ರಂಟ್‌ಎಂಡನ್ನೂ ಷೇರ್ ಫೋಲ್ಡರಿನಲ್ಲಿಟ್ಟು ಎಲ್ಲರಿಗೂ ಶಾರ್ಟ್‌ಕಟ್ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಎರಡು ಮಾಡಿದ್ದರ ಅರ್ಧ ಲಾಭ ಹೋಯಿತು.

ಫಾರ್ಮಿನಲ್ಲಿ ಏನಾದರೂ ಬದಲಿಸಿದಾಗ ಆರು ಕಂಪ್ಯೂಟರಿಗೂ ಓಡಾಡಬೇಕಲ್ಲ ಅಂತ ಕೇಳುತ್ತೀರಿ. ಬೇಡ. ನಾಲ್ಕು ಸಾಲಿನ ಬ್ಯಾಚ್ ಫೈಲ್ ಸಾಕು: ಷೇರ್ ಫೋಲ್ಡರಿನಿಂದ ಹೊಸ ಫ್ರಂಟ್‌ಎಂಡನ್ನು ಸಿ ಡ್ರೈವಿಗೆ ಕಾಪಿ ಮಾಡಿ, ಆಮೇಲೆ ಅದನ್ನು ತೆರೆ. ಡೆಸ್ಕ್‌ಟಾಪಿನ ಐಕಾನ್ ಈ ಬ್ಯಾಚ್ ಫೈಲಿಗೆ ಇರಲಿ. ಬೆಳಗ್ಗೆ ತೆರೆದಾಗ ಎಲ್ಲರಿಗೂ ಹೊಸದೇ ಬರುತ್ತದೆ.

ಇನ್ನೊಂದು ಸಣ್ಣ ಉಪಾಯ. ಎರಡು ಮಾಡಿದ ಮೇಲೆ ಫಾರ್ಮು ತೆರೆಯುವುದು ಮೊದಲಿಗಿಂತ ನಿಧಾನ ಅನ್ನಿಸಿದರೆ, ಕಾರಣ ಪ್ರತಿ ಸಲ ಬ್ಯಾಕ್‌ಎಂಡಿನ ಲಾಕ್ ಫೈಲನ್ನು ಹುಟ್ಟಿಸಿ ಅಳಿಸುವುದು ಇರಬಹುದು. ಬ್ಯಾಕ್‌ಎಂಡಿನ ಒಂದು ಪುಟ್ಟ ಟೇಬಲ್ಲಿಗೆ ಕಟ್ಟಿದ ಫಾರ್ಮನ್ನು ಶುರುವಿನಲ್ಲೇ ಮರೆಯಲ್ಲಿ ತೆರೆದು, ದಿನವಿಡೀ ಹಾಗೇ ಬಿಡಿ. ಸಂಪರ್ಕ ತೆರೆದೇ ಇರುವುದರಿಂದ ವೇಗ ವಾಪಸ್ ಬರುತ್ತದೆ.

ಲೈಸೆನ್ಸ್ ಒಂದೇ ಸಾಕು

ದುಡ್ಡು ಉಳಿಯುವ ಜಾಗ ಇದು. ಆರು ಕಂಪ್ಯೂಟರಿಗೆ ಆರು ಆಕ್ಸೆಸ್ ಕೊಳ್ಳಬೇಕಾಗಿಲ್ಲ. ಫಾರ್ಮು ವಿನ್ಯಾಸ ಮಾಡುವ, ಸರಿಪಡಿಸುವ ಒಬ್ಬರಿಗೆ ಮಾತ್ರ ಪೂರ್ತಿ ಆಕ್ಸೆಸ್ ಬೇಕು. ಉಳಿದವರಿಗೆ ಆಕ್ಸೆಸ್ ರನ್‌ಟೈಮ್ ಸಾಕು. ಅದನ್ನು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತದೆ. ಎಂಟ್ರಿ, ಹುಡುಕಾಟ, ಪ್ರಿಂಟ್ ಎಲ್ಲ ನಡೆಯುತ್ತದೆ, ವಿನ್ಯಾಸ ಬದಲಿಸಲು ಮಾತ್ರ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅದೂ ಒಳ್ಳೆಯದೇ, ಅಲ್ವಾ?

ಕೊಳ್ಳುವ ಆ ಒಂದನ್ನು ನೋಡಿ ಕೊಳ್ಳಿ. ಅಂಗಡಿಯಲ್ಲಿ ಸಿಗುವ ಆಫೀಸ್ ಹೋಮ್ ಅಂಡ್ ಬಿಸಿನೆಸ್‌ನಲ್ಲಿ ಆಕ್ಸೆಸ್ ಇಲ್ಲ. ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್‌ನಲ್ಲೂ ಇಲ್ಲ, ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇದೆ. ನೂರಿನ್ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ 'ಲೈಫ್‌ಟೈಮ್ ಕೀ' ನಂಬಬೇಡಿ.

ರನ್‌ಟೈಮ್‌ಗೆ ಕೆಲವು ಚಾಳಿಗಳಿವೆ. ಅದರಲ್ಲಿ ಎಡಬದಿಯ ಪಟ್ಟಿ ಕಾಣುವುದಿಲ್ಲ, ಹಾಗಾಗಿ ಫೈಲು ತೆರೆದ ಕೂಡಲೇ ಮೆನು ಫಾರ್ಮು ಬರುವಂತೆ ಇಟ್ಟಿರಬೇಕು. ಕೋಡಿನಲ್ಲಿ ಎಲ್ಲಾದರೂ ತಪ್ಪು ಸಿಕ್ಕಿ ಅದಕ್ಕೆ ಉತ್ತರ ಬರೆದಿರದಿದ್ದರೆ ಇಡೀ ಪ್ರೋಗ್ರಾಮ್ ಮುಚ್ಚಿಕೊಳ್ಳುತ್ತದೆ. ಹಂಚುವ ಮುಂಚೆ ನಿಮ್ಮ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಬಹುದು. ಫ್ರಂಟ್‌ಎಂಡ್ ಫೈಲಿನ ಕೊನೆಯ ಎಸಿಸಿಡಿಬಿಯನ್ನು ಎಸಿಸಿಡಿಆರ್ ಅಂತ ಬದಲಿಸಿ ತೆರೆಯಿರಿ. ಪೂರ್ತಿ ಆಕ್ಸೆಸ್ ಕೂಡ ರನ್‌ಟೈಮಿನ ಹಾಗೆ ವರ್ತಿಸುತ್ತದೆ. ಎಲ್ಲ ಬಟನ್ ಒತ್ತಿ ನೋಡಿ.

ರನ್‌ಟೈಮ್ ಮತ್ತು ಅದೇ ಕಂಪ್ಯೂಟರಿನಲ್ಲಿರುವ ವರ್ಡ್, ಎಕ್ಸೆಲ್ ಎರಡೂ ಒಂದೇ ಬಿಟ್ಟಿನವಾಗಿರಬೇಕು. ಹಳೆಯ ಪ್ರೋಗ್ರಾಮ್ ಇದ್ದರೆ ನಾನಂತೂ 32 ಬಿಟ್ ಹಾಕಿ ಅಂತಲೇ ಹೇಳುವುದು. 64 ಬಿಟ್‌ನಲ್ಲಿ ವಿಂಡೋಸನ್ನು ನೇರವಾಗಿ ಕರೆಯುವ ಹಳೆಯ ಡಿಕ್ಲೇರ್ ಸಾಲುಗಳು ಓಡುವುದಿಲ್ಲ, ಒಂದೊಂದನ್ನೂ ತಿದ್ದಬೇಕು. ಫಾರ್ಮಿನಲ್ಲಿ ತಿಂಗಳ ಕ್ಯಾಲೆಂಡರ್ ಕಂಟ್ರೋಲ್ ಇದ್ದರೆ ಯಾವ ಬಿಟ್ ಆದರೂ ಅಷ್ಟೇ. ಅದು ಆಕ್ಸೆಸ್ 2010ರಲ್ಲೇ ಹೋಯಿತು. ತೆಗೆದುಹಾಕಿ, ಡೇಟ್ ಫೀಲ್ಡಿನ ಪಕ್ಕ ತಾನೇ ಬರುವ ಕ್ಯಾಲೆಂಡರ್ ಬಳಸಿ.

ಆಕ್ಸೆಸ್ 2000 ಅಥವಾ 2003ರ ಎಂಡಿಬಿ ಇವತ್ತಿನ ಆಕ್ಸೆಸ್‌ನಲ್ಲೂ ತೆರೆಯುತ್ತದೆ. ಆತುರದಿಂದ ಎಸಿಸಿಡಿಬಿಗೆ ಬದಲಿಸಬೇಕಾಗಿಲ್ಲ. ಒಳಗೆ ಹಳೆಯ ಕಾಲದ ಯೂಸರ್ ಲೆವೆಲ್ ಸೆಕ್ಯುರಿಟಿ (ಒಬ್ಬೊಬ್ಬರಿಗೆ ಬೇರೆ ಬೇರೆ ಅನುಮತಿ ಕೊಡುವ ವ್ಯವಸ್ಥೆ) ಇದ್ದರೆ ಬದಲಿಸಿದಾಗ ಅದು ಹೋಗುತ್ತದೆ ಅನ್ನುವುದೂ ನೆನಪಿರಲಿ. ಆಕ್ಸೆಸ್ 97ರ ಫೈಲು ಮಾತ್ರ ಬೇರೆ ಕಥೆ. 2013ರಿಂದ ಈಚಿನ ಯಾವ ಆಕ್ಸೆಸ್ಸೂ ಅದನ್ನು ತೆರೆಯುವುದಿಲ್ಲ. ಎಲ್ಲಾದರೂ ಆಕ್ಸೆಸ್ 2003 ಅಥವಾ 2010 ಇರುವ ಹಳೆಯ ಯಂತ್ರ ಹುಡುಕಿ, ಅದರಲ್ಲಿ ಒಮ್ಮೆ ಬದಲಿಸಿಕೊಂಡು ಬನ್ನಿ.

ವಿಂಡೋಸ್ 11 ಬಂದಾಗ ಷೇರ್ ಫೋಲ್ಡರ್ ಮಾಯ

ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ತೆರೆದಿಟ್ಟ ಷೇರ್ ಫೋಲ್ಡರ್ ನಮ್ಮ ಕಡೆ ಮಾಮೂಲು. ವಿಂಡೋಸ್ 11 ಪ್ರೋನ 24ಎಚ್2 ಆವೃತ್ತಿಯಿಂದ ಗೆಸ್ಟ್ ಆಗಿ ಒಳಗೆ ಹೋಗುವುದು ಬಂದ್. ಎಸ್‌ಎಂಬಿ (ವಿಂಡೋಸ್ ಫೈಲು ಹಂಚಿಕೊಳ್ಳಲು ಬಳಸುವ ಭಾಷೆ) ಸೈನಿಂಗ್ ಕೂಡ ಕಡ್ಡಾಯ. ಯೂಟ್ಯೂಬಿನಲ್ಲಿ ಇದನ್ನೆಲ್ಲ ಆಫ್ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಅವನ್ನು ನೋಡಿ ಬಾಗಿಲು ಮುರಿಯುವ ಬದಲು ಮುಖ್ಯ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಯೂಸರ್, ಒಂದು ಪಾಸ್‌ವರ್ಡ್ ಮಾಡಿ. ಅವರವರ ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿ ನೆನಪಿಟ್ಟುಕೋ ಅಂದರೆ ಮುಗಿಯಿತು. ಫೋಲ್ಡರಿನಲ್ಲಿ ಅವರಿಗೆ ಓದುವ, ಬರೆಯುವ, ಅಳಿಸುವ ಅನುಮತಿ ಮೂರೂ ಬೇಕು. ಲಾಕ್ ಫೈಲು ಹುಟ್ಟಿ ಅಳಿಯಬೇಕಲ್ಲ.

ನೆಟ್‌ವರ್ಕಿಗೆ ಸಿಕ್ಕಿಸಿ ಎಲ್ಲರೂ ಬಳಸುವ ಡಿಸ್ಕಿನ ಪೆಟ್ಟಿಗೆ, ಅಂದರೆ ಹಳೆಯ ನ್ಯಾಸ್, ಎಸ್‌ಎಂಬಿ 1 ಮಾತ್ರ ಮಾತಾಡುತ್ತದೆ ಅಂದರೆ ಅದನ್ನು ನಿವೃತ್ತಿ ಮಾಡಿ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನಾಕ್ರೈ ರ‍್ಯಾನ್ಸಮ್‌ವೇರ್ ಹರಡಿದ್ದು ಅದೇ ಬಾಗಿಲಿನಿಂದ.

ಇದಕ್ಕಾಗಿ ವಿಂಡೋಸ್ ಸರ್ವರ್ ಕೊಳ್ಳಬೇಕೇ ಅಂತ ಕೇಳುವವರಿಗೆ: ಮಾಮೂಲಿ ವಿಂಡೋಸ್ 11 ಪ್ರೋ ಒಂದೇ ಹೊತ್ತಿಗೆ 20 ಸಂಪರ್ಕದವರೆಗೆ ಷೇರ್ ಮಾಡಲು ಬಿಡುತ್ತದೆ. ಆರು ಕಂಪ್ಯೂಟರಿಗೆ ಅದು ಧಾರಾಳ.

ಇಲ್ಲಿಗೆ ನಿಮ್ಮ ತೊಂದರೆ ನಿಂತಿದ್ದರೆ ಮುಂದೆ ಬರುವ 'ಕನ್ನಡ ಅಕ್ಷರ' ಮತ್ತು 'ಬ್ಯಾಕಪ್' ಭಾಗಗಳನ್ನು ಮಾತ್ರ ಓದಿ.

ಸರ್ವರ್ ಯಾವಾಗ ಬೇಕು

ಡೇಟಾ 1 ಜಿಬಿ ದಾಟಿ ವರ್ಷವರ್ಷ ಬೆಳೆಯುತ್ತಿದ್ದರೆ, ಹತ್ತಕ್ಕಿಂತ ಜಾಸ್ತಿ ಜನ ಒಟ್ಟಿಗೆ ಬರೆಯುತ್ತಿದ್ದರೆ, ಇನ್ನೊಂದು ಶಾಖೆಯಿಂದಲೂ ಎಂಟ್ರಿ ಆಗಬೇಕಿದ್ದರೆ, ಯಾರು ಯಾವಾಗ ಏನು ತಿದ್ದಿದರು ಅಂತ ಗಟ್ಟಿ ದಾಖಲೆ ಬೇಕಿದ್ದರೆ ಟೇಬಲ್‌ಗಳನ್ನು ಡೇಟಾಬೇಸ್ ಸರ್ವರಿಗೆ, ಅಂದರೆ ಎಲ್ಲರ ಪರವಾಗಿ ತಾನೊಂದೇ ಡೇಟಾ ಓದಿ ಬರೆಯುವ ಪ್ರೋಗ್ರಾಮಿಗೆ ಸಾಗಿಸಿ. ಫಾರ್ಮು, ರಿಪೋರ್ಟು ಆಕ್ಸೆಸ್‌ನಲ್ಲೇ ಇರಲಿ. ಸಿಬ್ಬಂದಿಗೆ ಪರದೆ ಬದಲಾಗುವುದಿಲ್ಲ, ತರಬೇತಿ ಬೇಕಿಲ್ಲ.

ನಡುವೆ ಒಂದು ಮಾತು. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾದ ಕಂಪನಿಯಾಗಿದ್ದು, ಲೆಕ್ಕಪತ್ರವನ್ನೇ ಆಕ್ಸೆಸ್‌ನಲ್ಲಿ ಇಟ್ಟಿದ್ದರೆ, 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡು ದಾಖಲಿಸುವ ಸಾಫ್ಟ್‌ವೇರ್ ಕಡ್ಡಾಯ. ಆ ಭಾಗವನ್ನು ಅಂಥ ಅಕೌಂಟಿಂಗ್ ಸಾಫ್ಟ್‌ವೇರಿಗೆ ಒಯ್ಯುವುದೇ ಸರಿ. ನಿಮ್ಮ ಆಡಿಟರನ್ನು ಕೇಳಿ.

ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸರ್ವರ್ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇತ್ತು, 2025ರ ಆವೃತ್ತಿಯಲ್ಲಿ 50 ಜಿಬಿ. ಡೇಟಾಗೆ ಬಳಸುವ ಮೆಮೊರಿ 1,410 ಎಂಬಿ, ನಾಲ್ಕು ಕೋರ್‌ಗಿಂತ ಹೆಚ್ಚು ಬಳಸುವುದಿಲ್ಲ. ಸಣ್ಣ ಆಫೀಸಿಗೆ ಇದು ಸಾಕು. ಡೆವಲಪರ್ ಎಡಿಷನ್ ಕೂಡ ಪುಕ್ಕಟೆ, ಮಿತಿಯೂ ಇಲ್ಲ ಅಂತ ಯಾರಾದರೂ ಅದನ್ನು ಹಾಕಿಕೊಟ್ಟರೆ ಬೇಡ ಅನ್ನಿ. ಅದು ಪರೀಕ್ಷೆಗೆ ಮಾತ್ರ, ದಿನದ ಕೆಲಸಕ್ಕೆ ಲೈಸೆನ್ಸ್ ಇಲ್ಲ. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಅನ್ನುವ ಬೇರೆ ಡೇಟಾಬೇಸ್ ಸರ್ವರುಗಳೆರಡಕ್ಕೂ ಇಂಥ ಮಿತಿ ಇಲ್ಲ, ಲಿನಕ್ಸ್ ಮೇಲೂ ಓಡುತ್ತವೆ. ಅವು ಗೊತ್ತಿರುವ ಮನುಷ್ಯ ನಿಮ್ಮ ಊರಲ್ಲೇ ಇದ್ದರೆ ಧೈರ್ಯವಾಗಿ ಹಾಕಿ. ಇಲ್ಲದಿದ್ದರೆ ಆಕ್ಸೆಸ್ ಜೊತೆ ಕಡಿಮೆ ಜಗಳವಾಡುವುದು ಎಕ್ಸ್‌ಪ್ರೆಸ್.

ಹಾಕುವಾಗ ಮೂರು ಕಡೆ ಜನ ಸಿಕ್ಕಿಬೀಳುತ್ತಾರೆ. ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ ಐಪಿ ಮೊದಲು ಆಫ್ ಇರುತ್ತದೆ. ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಆನ್ ಮಾಡಿ, ಪೋರ್ಟ್ 1433 ಅಂತ ನಿಗದಿ ಮಾಡಿ, ಸರ್ವಿಸ್ ಒಮ್ಮೆ ನಿಲ್ಲಿಸಿ ಶುರು ಮಾಡಿ. ಫೈರ್‌ವಾಲಿನಲ್ಲಿ ಆ ಪೋರ್ಟನ್ನು ಆಫೀಸಿನ ಒಳಗಿನ ನೆಟ್‌ವರ್ಕಿಗೆ ಮಾತ್ರ ತೆರೆಯಿರಿ. ಎರಡನೆಯದು, ಕೆಲವು ಹೊಸ ಎನ್‌ವಿಎಂಇ ಡಿಸ್ಕ್ ಇರುವ ವಿಂಡೋಸ್ 11 ಯಂತ್ರಗಳಲ್ಲಿ ಇನ್‌ಸ್ಟಾಲ್ ಕೊನೆಯಲ್ಲಿ ಎಂಜಿನ್ ಶುರುವೇ ಆಗುವುದಿಲ್ಲ. ಡಿಸ್ಕಿನ ಸೆಕ್ಟರ್ ಅಳತೆ 4 ಕೆಬಿಗಿಂತ ದೊಡ್ಡದಾಗಿರುವುದು ಕಾರಣ. ಮೈಕ್ರೋಸಾಫ್ಟ್ ಇದಕ್ಕೊಂದು ರಿಜಿಸ್ಟ್ರಿ ತಿದ್ದುಪಡಿ ಕೊಟ್ಟಿದೆ. ಮೂರನೆಯದು, ಆಕ್ಸೆಸ್ಸನ್ನು ಸರ್ವರಿಗೆ ಜೋಡಿಸುವ ಓಡಿಬಿಸಿ ಡ್ರೈವರ್ 18 ಸಂಪರ್ಕವನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡಲು ಹೋಗಿ ಸರ್ಟಿಫಿಕೇಟ್ ನಂಬಲಾಗದು ಅನ್ನುತ್ತದೆ. ಒಳಗಿನ ನೆಟ್‌ವರ್ಕಿನಲ್ಲಿ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಗುರುತು ಹಾಕಿದರೆ ಮುಂದೆ ಹೋಗುತ್ತದೆ.

ಶಾಖೆಗೋ ಮನೆಗೋ ಬೇಕು ಅಂತ ರೂಟರಿನಲ್ಲಿ 1433 ತೆರೆದಿಡುವುದನ್ನು ಮಾತ್ರ ಮಾಡಬೇಡಿ. ವೈರ್‌ಗಾರ್ಡ್ ಥರದ ವಿಪಿಎನ್ (ಇಂಟರ್ನೆಟ್ ಮೇಲೆ ಸುರಕ್ಷಿತ ಖಾಸಗಿ ದಾರಿ) ಪುಕ್ಕಟೆ ಸಿಗುತ್ತದೆ. ಹಾಗೇ ಸರ್ವರಿನ ಯಜಮಾನ ಖಾತೆಯಾದ ಎಸ್‌ಎ ಪಾಸ್‌ವರ್ಡನ್ನು ಎಲ್ಲರಿಗೂ ಹಂಚಬೇಡಿ, ಬೇರೆ ಲಾಗಿನ್ ಮಾಡಿ.

ಟೇಬಲ್ ಸಾಗಿಸುವುದು

ಮೈಕ್ರೋಸಾಫ್ಟ್‌ನ ಮೈಗ್ರೇಶನ್ ಅಸಿಸ್ಟೆಂಟ್, ಎಸ್‌ಎಸ್‌ಎಂಎ ಅಂತ ಕರೆಯುವುದು, ಆಕ್ಸೆಸ್‌ಗೆಂದೇ ಒಂದು ಇದೆ, ಪುಕ್ಕಟೆ. ಮೊದಲು ಅದರಿಂದ ರಿಪೋರ್ಟ್ ಮಾತ್ರ ತೆಗೆಯಿರಿ. ತಪ್ಪುಗಳನ್ನು ಹಳೆಯ ಫೈಲಿನಲ್ಲೇ ಸರಿಪಡಿಸಿ, ಆಮೇಲೆ ಸಾಗಿಸಿ.

ಸಿಗುವ ತಪ್ಪುಗಳು ಹೆಚ್ಚುಕಮ್ಮಿ ಎಲ್ಲ ಕಡೆ ಇವೇ. ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಇಲ್ಲದ ಟೇಬಲ್: ಸಾಗಿಸಿದ ಮೇಲೆ ಅದು ಓದುವುದಕ್ಕೆ ಮಾತ್ರ, ಬರೆಯಲು ಬಿಡುವುದಿಲ್ಲ. ಖಾಲಿ ಬಿಟ್ಟ ಹೌದು ಇಲ್ಲ ಫೀಲ್ಡ್: ತಿದ್ದಲು ಹೋದಾಗ 'ಬೇರೆಯವರು ಬದಲಿಸಿದ್ದಾರೆ' ಅಂತ ಸುಳ್ಳು ಜಗಳ ತೆಗೆಯುತ್ತದೆ. ಎಲ್ಲಕ್ಕೂ ಸೊನ್ನೆ ತುಂಬಿ, ಡೀಫಾಲ್ಟ್ ಸೊನ್ನೆ ಇಡಿ. ಪ್ರತಿ ಟೇಬಲ್ಲಿಗೂ ಸಾಲು ತಿದ್ದಿದಾಗಲೆಲ್ಲ ತಾನೇ ಬದಲಾಗುವ ಒಂದು ರೋವರ್ಷನ್ ಕಾಲಂ ಸೇರಿಸಿದರೆ ಈ ಜಗಳ ಇನ್ನೂ ಕಡಿಮೆ.

ದಿನಾಂಕಗಳನ್ನು ವಿಶೇಷವಾಗಿ ನೋಡಿ. 2014 ಅಂತ ಹೊಡೆಯುವ ಅವಸರದಲ್ಲಿ ಯಾರೋ 0214 ಅಂತ ಹೊಡೆದಿರುತ್ತಾರೆ. ಆಕ್ಸೆಸ್ ಕ್ರಿ.ಶ. 100ರಿಂದ ಮುಂದಿನ ಯಾವ ದಿನಾಂಕವನ್ನೂ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಎಸ್‌ಕ್ಯೂಎಲ್ ಸರ್ವರಿನ ಹಳೆಯ ಡೇಟ್‌ಟೈಮ್ 1753ಕ್ಕಿಂತ ಹಿಂದಿನದನ್ನು ಒಪ್ಪುವುದಿಲ್ಲ. ಹೊಸ ಡೇಟ್‌ಟೈಮ್2 ಒಪ್ಪುತ್ತದೆ, ಆದರೆ ವಿಂಡೋಸ್ ಜೊತೆಗೇ ಬರುವ ಹಳೆಯ ಎಸ್‌ಕ್ಯೂಎಲ್ ಸರ್ವರ್ ಡ್ರೈವರ್ ಅದನ್ನು ದಿನಾಂಕ ಅಂತ ಗುರುತಿಸದೆ ಬರೀ ಅಕ್ಷರ ಅಂತ ಕೊಡುತ್ತದೆ. ಎಲ್ಲ ಕಂಪ್ಯೂಟರಿಗೂ 17 ಅಥವಾ 18ರ ಡ್ರೈವರ್ ಹಾಕಿ. ಸಾಗಿಸುವ ಮೊದಲೇ 1900ಕ್ಕಿಂತ ಹಿಂದಿನ, ಇವತ್ತಿಗಿಂತ ಮುಂದಿನ ದಿನಾಂಕಗಳನ್ನು ಒಂದು ಕ್ವೆರಿಯಲ್ಲಿ ಹುಡುಕಿ. ರಸೀದಿ ಪುಸ್ತಕ ನೋಡಿ ತಿದ್ದಿ.

ಕೋಡಿನಲ್ಲಿ ಎರಡು ಜಾಗ. ಹೊಸ ರಸೀದಿ ಶುರು ಮಾಡಿದ ಕೂಡಲೇ ಆಕ್ಸೆಸ್‌ನ ಆಟೋನಂಬರ್ ಸಿಗುತ್ತಿತ್ತು, ಸರ್ವರಿನಲ್ಲಿ ಸೇವ್ ಆದ ಮೇಲೆ ಮಾತ್ರ ಸಿಗುತ್ತದೆ. ಆಕ್ಸೆಸ್‌ನಲ್ಲಿ ಹೌದು ಅಂದರೆ ಮೈನಸ್ 1, ಸರ್ವರಿನಲ್ಲಿ 1. ಮೈನಸ್ 1ಕ್ಕೆ ಹೋಲಿಸಿರುವ ಕಡೆಯೆಲ್ಲ 'ಸೊನ್ನೆಯಲ್ಲ' ಅಂತ ಬರೆಯಿರಿ, ಎರಡಕ್ಕೂ ನಡೆಯುತ್ತದೆ.

ಕನ್ನಡ ಅಕ್ಷರ

ಹೆಸರು, ಊರು ಕನ್ನಡದಲ್ಲಿ ಇರುವ ಡೇಟಾಬೇಸ್ ಆದರೆ ಒಂದು ದಿನ ಇದಕ್ಕೇ ಇಡಿ. ಮೊದಲು ಪರೀಕ್ಷೆ: ಒಂದು ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವೇ ಕಂಡರೆ ಯೂನಿಕೋಡ್, ಅಂದರೆ ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಇರುವ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟ್ ಅಕ್ಷರ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಯಾರ ಹೆಸರೂ ಓದಲು ಬರುವುದಿಲ್ಲ. ಅಕಾರಾದಿ ಜೋಡಣೆಯೂ ಸರಿಯಾಗಿ ಬರುವುದಿಲ್ಲ.

ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಆದರೆ ಇಡೀ ಕಾಲಮ್ಮನ್ನು ಒಂದೇ ಏಟಿಗೆ ಬದಲಿಸಬೇಡಿ. ಒಂದೇ ಕಾಲಮ್ಮಿನಲ್ಲಿ ಕೆಲವರ ಹೆಸರು ಇಂಗ್ಲಿಷಿನಲ್ಲೂ ಇರುತ್ತದೆ. ಹಳೆಯ ಫಾಂಟ್ ಕೂಡ ಇಂಗ್ಲಿಷಿನ ಅದೇ ಸಂಕೇತಗಳನ್ನೇ ಬಳಸುವುದರಿಂದ ಬದಲಿಸುವ ಪ್ರೋಗ್ರಾಮಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇಂಗ್ಲಿಷಿನ ರವಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತಾನೆ. ಹೊಸ ಕಾಲಂ ಸೇರಿಸಿ ಬದಲಿಸಿದ್ದನ್ನು ಅಲ್ಲಿ ಹಾಕಿ, ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು ಕಣ್ಣಲ್ಲಿ ನೋಡಿ ಒಪ್ಪಿಕೊಳ್ಳಿ. ಅರ್ಕಾವತ್ತು, ರೇಫ ಇರುವ ಹೆಸರುಗಳನ್ನು ಎರಡು ಸಲ ನೋಡಿ.

ಫೀಲ್ಡಿನ ಉದ್ದವೂ ಬದಲಾಗುತ್ತದೆ. 'ಲಕ್ಷ್ಮೀ' ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡಿನಲ್ಲಿ 7 ಸಂಕೇತ. ಹೆಸರಿಗೆ 20 ಅಂತ ಇಟ್ಟಿದ್ದರೆ ಅಪ್ಪನ ಹೆಸರು ಅರ್ಧಕ್ಕೇ ಕತ್ತರಿಸುತ್ತದೆ. 100 ಮಾಡಿ.

ಸರ್ವರಿನಲ್ಲಿ ಕನ್ನಡದ ಕಾಲಂ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಆಗಿರಲೇಬೇಕು. ಬರೀ ವಾರ್‌ಚಾರ್ ಆದರೆ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ವಾಪಸ್ ಬರುವುದಿಲ್ಲ. ಎಸ್‌ಎಸ್‌ಎಂಎ ತಾನಾಗಿಯೇ ಎನ್‌ವಾರ್‌ಚಾರ್ ಮಾಡುತ್ತದೆ. ಅಪಾಯ ಇರುವುದು ಆಮೇಲೆ ಕೈಯಲ್ಲಿ ಬರೆಯುವ ಎಸ್‌ಕ್ಯೂಎಲ್ ಸಾಲುಗಳಲ್ಲಿ. ಅಲ್ಲಿ ಕನ್ನಡ ಪದದ ಕೋಟಿನ ಮುಂದೆ ದೊಡ್ಡ ಎನ್ ಹಾಕಬೇಕು. ಮರಿಯಾಡಿಬಿ ಆದರೆ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಬೇಕು.

'ರಾಜ್‌ಕುಮಾರ್' ಅಂತ ಹುಡುಕಿದರೆ ಸಿಗದೆ, ಪಟ್ಟಿಯಲ್ಲಿ ಕಣ್ಣೆದುರೇ ಇದ್ದರೆ, ಜ್ ಆದ ಮೇಲೆ ಕಾಣದ ಒಂದು ಸಂಕೇತ ಒಬ್ಬರು ಹಾಕಿದ್ದಾರೆ, ಇನ್ನೊಬ್ಬರು ಹಾಕಿಲ್ಲ ಅಂತ ತಿಳಿಯಿರಿ. ಹುಡುಕುವ ಫಾರ್ಮಿನಲ್ಲಿ ಎರಡೂ ಕಡೆಯಿಂದ ಆ ಸಂಕೇತ ತೆಗೆದು ಹೋಲಿಸುವಂತೆ ಬರೆಸಿ.

ಬ್ಯಾಕಪ್

ಆಕ್ಸೆಸ್ ಬ್ಯಾಕ್‌ಎಂಡ್ ಆದರೆ ಲಾಕ್ ಫೈಲು ಹೋದ ಮೇಲೆ ಕಾಪಿ ಮಾಡಿದರೆ ಸಾಕು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಓಡುತ್ತಿರುವ ಡೇಟಾ ಫೈಲನ್ನು ಕಾಪಿ ಮಾಡಲು ಬರುವುದಿಲ್ಲ, ಬ್ಯಾಕಪ್ ಆಜ್ಞೆಯನ್ನೇ ಕೊಡಬೇಕು. ಎಕ್ಸ್‌ಪ್ರೆಸ್‌ನಲ್ಲಿ ವೇಳಾಪಟ್ಟಿ ನೋಡಿಕೊಳ್ಳುವ ಏಜೆಂಟ್ ಇಲ್ಲ. ವಿಂಡೋಸಿನ ಟಾಸ್ಕ್ ಷೆಡ್ಯೂಲರಿನಿಂದ ಸರ್ವರಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್‌ಸಿಎಂಡಿ ಪ್ರೋಗ್ರಾಮ್ ಓಡಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು, ಸಂಜೆ ಒಂದು. ಯುಎಸ್‌ಬಿ ಡಿಸ್ಕ್ ಎರಡು ಕೊಳ್ಳಿ. ಒಂದು ಕಂಪ್ಯೂಟರಿಗೆ ಚುಚ್ಚಿರಲಿ, ಇನ್ನೊಂದು ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲುಬದಲು. ರ‍್ಯಾನ್ಸಮ್‌ವೇರ್ ಬಂದರೆ ಚುಚ್ಚಿರುವ ಡಿಸ್ಕನ್ನೂ ಅದು ಬಿಡುವುದಿಲ್ಲ. ಬ್ಯಾಕಪ್ ಫೈಲನ್ನು ಗೂಗಲ್ ಡ್ರೈವಿಗೆ ಹಾಕುವುದು ಸರಿ, ಆದರೆ ಜನರ ಖಾತೆ ವಿವರ ಇರುವುದರಿಂದ ಪಾಸ್‌ವರ್ಡ್ ಹಾಕಿ ಝಿಪ್ ಮಾಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ನೆನ್ನೆಯ ಕೊನೆಯ ರಸೀದಿ ಸಂಖ್ಯೆ ಇದೆಯೇ ನೋಡಿ.

ಬದಲಿಸುವ ದಿನ

ತಿಂಗಳ ಕೊನೆ, ಮಾರ್ಚ್ ತಿಂಗಳು, ಶಾಲೆಗೆ ಅಡ್ಮಿಷನ್ ಕಾಲ ಬೇಡ. ಶನಿವಾರ ಸಂಜೆ ಶುರು ಮಾಡಿ. ಸಾಗಿಸುವ ಮೊದಲು ಹಳೆಯದರಲ್ಲಿ ಮೂರು ಪ್ರಿಂಟ್ ತೆಗೆಯಿರಿ: ಪ್ರತಿ ಟೇಬಲ್ಲಿನ ಒಟ್ಟು ಸಾಲುಗಳ ಸಂಖ್ಯೆ, ಬಾಕಿ ಮೊತ್ತಗಳ ಒಟ್ಟು, ಕೊನೆಯ ರಸೀದಿ ಸಂಖ್ಯೆ. ಸಾಗಿಸಿದ ಮೇಲೆ ಅದೇ ಮೂರನ್ನು ಹೊಸದರಲ್ಲಿ ತೆಗೆದು ಪಕ್ಕದಲ್ಲಿಟ್ಟು ನೋಡಿ. ಒಂದು ಪೈಸೆ ವ್ಯತ್ಯಾಸ ಇದ್ದರೂ ಸೋಮವಾರ ಹಳೆಯದರಲ್ಲೇ ಕೆಲಸ ಮಾಡಿ. ಮುಂದಿನ ಶನಿವಾರ ಇದ್ದೇ ಇದೆ.

ಸರಿಹೊಂದಿದರೆ ಹಳೆಯ ಫೈಲಿನ ಹೆಸರು ಬದಲಿಸಿ, ರೀಡ್ ಓನ್ಲಿ ಮಾಡಿ, ಷೇರ್ ಫೋಲ್ಡರಿನಿಂದ ಹೊರಗಿಡಿ. ಇಲ್ಲದಿದ್ದರೆ ಹಳೆಯ ಶಾರ್ಟ್‌ಕಟ್ ಒತ್ತಿ ಯಾರಾದರೂ ಅದರಲ್ಲೇ ಎಂಟ್ರಿ ಮಾಡುತ್ತಾರೆ, ಖಂಡಿತ. ಮುಂದಿನ ಆಡಿಟ್ ಮುಗಿಯುವವರೆಗೆ ಅಳಿಸಬೇಡಿ.

ಇಷ್ಟೂ ಕೆಲಸವನ್ನು ಹೊರಗಿನವರಿಂದ ಮಾಡಿಸಿದರೆ ಕೊನೆಯ ಕಂತಿನ ಹಣ ಕೊಡುವ ಮುಂಚೆ ನಾಲ್ಕು ವಸ್ತು ಕೈಗೆ ತೆಗೆದುಕೊಳ್ಳಿ: ಲಾಕ್ ಮಾಡದ ಫ್ರಂಟ್‌ಎಂಡ್ ಮೂಲ ಫೈಲು, ಎಲ್ಲ ಪಾಸ್‌ವರ್ಡ್ ಬರೆದ ಹಾಳೆ, ರನ್‌ಟೈಮ್ ಮತ್ತು ಡ್ರೈವರುಗಳ ಇನ್‌ಸ್ಟಾಲ್ ಫೈಲುಗಳು, ಬ್ಯಾಕಪ್ ರಿಸ್ಟೋರ್ ಮಾಡುವ ವಿಧಾನ ಬರೆದ ಒಂದು ಪುಟ. ಆ ಪುಟ ಓದಿಕೊಂಡು ನಿಮ್ಮ ಗುಮಾಸ್ತರೇ ಅವರ ಎದುರಿಗೆ ಒಂದು ಸಲ ರಿಸ್ಟೋರ್ ಮಾಡಲಿ, ಆಮೇಲೆ ಚೆಕ್ ಕೊಡಿ.